ಸುಳ್ಳುಬುರಕ ಹುಡುಗನ ಲವ್ ಸ್ಟೋರಿ ಬರಿಯಾಕತ್ತೇನಿ, ಓದೋರಿಗೆ ಅಂವನ ಮ್ಯಾಲ ಸಿಟ್ಟು ಬರಬಾರದು, ಏನ್ ಮಾಡ್ಲಿ?

ನೀವು ಕೇಳಿದ್ದು ಇಷ್ಟು: ಹೀರೋಗೆ 17 ವರ್ಷ, ಪಿಯುಸಿ, ಊರು ವಿಜಯಪುರ, ಹುಡುಗಿ ಮುಂದ ಬಾಯಿ ತಗದ್ರ ಸುಳ್ಳು, ಕಾದಂಬರಿ ನಗಸಬೇಕು, ಆದ್ರ ನಿಮ್ಮ ಗೆಳ್ಯಾರು ಮೂರು ಅಧ್ಯಾಯ ಓದಿ 'ಇಂವಂಗ ಎರಡು ಕಪಾಳಕ್ಕ ಬಿಡಬೇಕು' ಅಂದ್ರು. ನಾ ಇದ ಊರಾಗ ಪಿಯುಸಿ ಹುಡುಗ್ರಿಗೆ ಮ್ಯಾಥ್ಸ್ ಟ್ಯೂಷನ್ ಹೇಳಾಂವ್ರಿ, ಲೆಕ್ಕಕ್ಕಿಂತ ಸುಳ್ಳ ಹೆಚ್ಚು ಕೇಳ್ತೀನಿ. ಹಿಂಗಾಗಿ ಧೈರ್ಯ ಮಾಡಿ ಉತ್ತರಾ ಬರ್ಯಾಕತ್ತೇನಿ.

ಅಂವ ಊರಿಗೆಲ್ಲಾ ಸುಳ್ಳು ಹೇಳ್ಲಿ, ಓದೋರಿಗೆ ಮಾತ್ರ ಹೇಳಬಾರದು. ಕಥಿ ಅಂವನ ಬಾಯಿಂದನ ಬರ್ಲಿ. ಈಗ ಇಂಥಾ ಸುಳ್ಳು ಹೇಳ್ತೀನಿ, ಯಾಕ ಹೇಳ್ತೀನಿ ಅಂತ ನಮ್ಮ ಕಿವ್ಯಾಗ ಮೊದಲ ಉಸುರ್ಲಿ, ಆಮ್ಯಾಲ ಹುಡುಗಿ ಮುಂದ ಹೋಗಿ ಒಗೀಲಿ. ಮೊದಲ ಗೊತ್ತಿದ್ರ ನಾವೂ ಅಂವನ ಜೋಡಿ ಬೆವರ್ತೀವಿ, ಸಿಕ್ಕೊಂಡ ಅಂದ್ರ ನಾವೂ ಸಿಕ್ಕೊಂಡಂಗ. ಅದ ಬಿಟ್ಟು 200ನೇ ಪುಟದಾಗ 'ಅಯ್ಯ, ಇದೂ ಸುಳ್ಳಾ' ಅಂತ ಓದಾಂವಗ ಗೊತ್ತಾತಂದ್ರ ಪುಸ್ತಕ ಮೂಲ್ಯಾಗ ಬೀಳ್ತೈತಿ.

ಮತ್ತ ಸುಳ್ಳು ಸಣ್ಣದಿರ್ಲಿ. ಅಜ್ಜಿ ಸತ್ತಾಳ, ಅವ್ವಗ ಕ್ಯಾನ್ಸರ್ ಅಂತ ಹೇಳಿಸ್ಯಾರಿ ಮತ್ತ, ಅಲ್ಲಿಗೆ ನಗು ಮುಗೀತು. ಸುಳ್ಳು ಎಲ್ಲಿ ಕಲ್ತ ಅನ್ನೂದು ಒಂದ ಸಾಲಿನ್ಯಾಗ ತೋರಸ್ರಿ ಸಾಕು: ಅಪ್ಪ ಇನ್ನೂ ಮನ್ಯಾಗ ಲುಂಗಿ ಮ್ಯಾಲ ಕುಂತು ಚಾ ಕುಡಕೋಂತ ಫೋನಿನ್ಯಾಗ 'ಗಾಂಧಿ ಚೌಕ ದಾಟೇನಿ ನೋಡ್ರಿ, ಬಂದ ಬಿಟ್ಟೆ' ಅಂತಾನ. ನಮ್ಮ ಕಡೆ ಇದನ್ನ ಯಾರೂ ಸುಳ್ಳು ಅಂತ ಎಣಸೂದ ಇಲ್ಲ.

ಈಗ ಒಂದು ಸುಳ್ಳು ತಗೋರಿ. ಹುಡುಗಿಗೆ 'ತಿಕೋಟಾದಾಗ ನಮ್ದು ದ್ರಾಕ್ಷಿ ತ್ವಾಟ ಐತಿ' ಅಂತ ಹೇಳ್ಯಾನ. ಅಕಿ ಪಾಪ 'ಹೌದಾ, ನಮ್ಮ ಅಮ್ಮಗ ಒಂದರ್ಧ ಕೇಜಿ ಒಣದ್ರಾಕ್ಷಿ ತಾರೊ' ಅಂದ್ಳು. ಮುಗೀತು ಕಥಿ, ಅಂದ್ರ ಅಲ್ಲಿಂದ ಶುರುವಾತು. ಬಜಾರದಾಗ ರೊಕ್ಕಾ ಕೊಟ್ಟು ಕೊಳ್ಳಬೇಕು, ಪಾಕೀಟಿನ ಮ್ಯಾಲಿನ ಅಂಗಡಿ ಚೀಟಿ ನೀರಾಗ ನೆನಸಿ ಉಗುರಿಲೆ ಕೆರಿಬೇಕು, ಅದು ಅರ್ಧ ಹರದು ಎಂಆರ್‌ಪಿ ಅಷ್ಟ ಉಳೀತೈತಿ, ಕಡೀಕ ಅವ್ವನ ಅಡಗಿಮನ್ಯಾಗಿನ ಹಳೇ ಹಾರ್ಲಿಕ್ಸ್ ಬಾಟ್ಲಿ ಕದ್ದು ಅದರಾಗ ಸುರುವಿ ಕೊಡ್ತಾನ. ಸುಳ್ಳಿನ ಖರ್ಚು ಅಂವನ ಕಿಸೇದಾಗಿಂದನ ಹೋಗಬೇಕು, ಸೈಕಲ್ ರಿಪೇರಿಗೆ ಇಟ್ಟಿದ್ದ ರೊಕ್ಕಾ ಹೋಗ್ಲಿ. ಅಂವ ಲುಕ್ಸಾನ ಆದಷ್ಟೂ ನಮಗ ಅಂವ ಹತ್ರ ಆಗ್ತಾನ.

ಆಮ್ಯಾಲ ಅಕಿ ಮಾಮಾನ್ನ ತರ್ರಿ, ಖರೇನ ದ್ರಾಕ್ಷಿ ಬೆಳ್ಯಾಂವನ್ನ. 'ಯಾವ ತಳೀನೋ ತಮ್ಮಾ, ಥಾಮ್ಸನ್ನೋ ಮಾಣಿಕ್ ಚಮನ್ನೋ?' 'ಎರಡೂ ಸ್ವಲ್ಪ ಸ್ವಲ್ಪರಿ ಮಾಮಾ.' 'ಚಾಟ್ನಿ ಯಾವಾಗ ಮಾಡಿದ್ರಿ?' 'ಡಿಸೆಂಬರ್‌ನ್ಯಾಗ್ರೀ.' ಈಗ ನಮ್ಮ ಕಡೆ ಚಾಟ್ನಿ, ಅಂದ್ರ ದ್ರಾಕ್ಷಿ ಬಳ್ಳಿ ಕತ್ತರಸೂದು, ಏಪ್ರಿಲ್ ಒಮ್ಮೆ, ಅಕ್ಟೋಬರ್ ಒಮ್ಮೆ, ಡಿಸೆಂಬರ್‌ನ್ಯಾಗ ಗಿಡದ ಮ್ಯಾಲ ಕಾಯಿ ಇರ್ತಾವು. ಮಾಮಾ ಏನೂ ಅನ್ನಬಾರದು, ಚಾ ಸುರ್ರ್ ಅಂತ ಎಳದು ಸೊಸಿ ಮಾರಿ ನೋಡ್ಬೇಕು, ಅಕಿ ಕೆಮ್ಮಬೇಕು. ಹುಡುಗ ತಾ ಗೆದ್ದೆ ಅಂತ ತಿಳ್ಕೋಬೇಕು.

ಸುಳ್ಳು ಹೆಂಗ ಹೇಳ್ತಾನ ಅನ್ನೂದು ಬಹಳ ಮುಖ್ಯ, ಇದು ನನ್ನ ಟ್ಯೂಷನ್ ಅನುಭವ. ಖರೇ ಹೇಳೂ ಹುಡುಗ 'ಬಸ್ ತಪ್ತು ಸರ್' ಅಂತಾನ, ಸುಮ್ನ ಕುಂದರ್ತಾನ. ಸುಳ್ಳು ಹೇಳಾಂವ 'ಬಸ್ ಪಂಚರ್ ಆತು ಸರ್, ಎಡಗಡೆ ಹಿಂದಿನ ಗಾಲಿ, ಡ್ರೈವರ್ ಬನಿಯನ್ ಮ್ಯಾಲ ಇಳದು ಜ್ಯಾಕ್ ಹಚ್ಚಿದ ಸರ್' ಅಂತಾನ. ಬನಿಯನ್ ಯಾರ್ ಕೇಳಿದ್ರಪಾ? ಹಿಂಗಾಗಿ ನಿಮ್ಮ ಹೀರೋನ ಸುಳ್ಳಿನ್ಯಾಗ ಯಾವಾಗಲೂ ಒಂದು ಬನಿಯನ್ ಇರ್ಲಿ, ಕಡೀಕ ಖರೇ ಹೇಳೂ ಮುಂದ ಮಾತು ಮೂರ ಶಬ್ದಕ್ಕ ಇಳೀಲಿ.

ಗೋಲಗುಮ್ಮಟದಾಗ ಸೀನ್ ಬೇಕಾ ಅಂತ ಕೇಳೀರಿ. ಬೇಕ್ರಿ, ಆದ್ರ ಅಲ್ಲಿ ಐ ಲವ್ ಯೂ ಮಾತ್ರ ಅನಸಬ್ಯಾಡ್ರಿ, ಅದು ಎಲ್ಲಾರೂ ಅಂತಾರ. ಮ್ಯಾಲಿನ ಪಿಸುಗುಟ್ಟು ಗ್ಯಾಲರಿ ಗೊತ್ತಲ್ಲ, ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್, ಈ ಕಡೆ ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ ದನಿ ಗ್ವಾಡಿ ಗುಂಟ ಹರಕೋಂತ ಹೋಗಿ ಆ ಕಡೆ ಕುಂತವರ ಕಿವಿಗೆ ಬೀಳ್ತೈತಿ. ಹುಡುಗ ಗೆಳ್ಯಾನ ಮುಂದ 'ಅವು ನಮ್ಮ ದ್ರಾಕ್ಷಿ ಅಲ್ಲಲೇ, ತ್ವಾಟನೂ ಇಲ್ಲ ಏನೂ ಇಲ್ಲ' ಅಂತ ಗ್ವಾಡಿಗೆ ಒರಗಿ ಅಂದ್ರ ಸಾಕು, ಆ ಕಡೆ ಕುಂತಾಕಿ ಯಾರಂತ ನಾ ಹೇಳಬೇಕಾ? 1656ರಾಗ ಮುಗಿಸಿದವ್ರು ಇಂಥಾ ಸೀನಿನ ಸಲುವಾಗೇ ಕಟ್ಟ್ಯಾರೇನೋ ಅನಸ್ತೈತಿ. ಮತ್ತ ಮೂಲಿ ಮಿನಾರಿನ ಪಾವಟಿಗಿ ಏಳು ಅಂತಸ್ತು ಹತ್ತಿ ಬಂದಿರ್ತಾನ, ಏದುಸಿರು ಬಿಡೂ ಮುಂದ ಯಾರಿಗೂ ಚಲೋ ಸುಳ್ಳು ಹೊಳ್ಯೂದಿಲ್ಲ. ಒಂದ ಮಾತು, ಸೀನ್ ಮುಂಜಾನೆ ಲಗೂ ಇಡ್ರಿ. ಡಿಸೆಂಬರ್ ಮಧ್ಯಾಹ್ನ ಸಾಲಿ ಟ್ರಿಪ್ಪಿನ ಹುಡುಗ್ರು ಹೋ ಅಂತ ಒದರಿ ಸಿಳ್ಳಿ ಹೊಡ್ಯಾಕತ್ತಿರ್ತಾರ, ಪಿಸುಮಾತು ಬಿಡ್ರಿ, ಬಾಜೂ ನಿಂತಾಂವನ ಮಾತ ಕೇಳ್ಸೂದಿಲ್ಲ, ಊರಿನವ್ರು ಓದಿ ನಗ್ತಾರ.

ಹುಡುಗೀನ ಮಾತ್ರ ಬರೇ ಸತ್ಯವಂತಿ ಮಾಡಿ ಕುಂದರಸಬ್ಯಾಡ್ರಿ. ಅಕಿಗೆ ಒಣದ್ರಾಕ್ಷಿ ದಿನಾನ ಗೊತ್ತಾಗಿರ್ಲಿ, ಹಾರ್ಲಿಕ್ಸ್ ವಾಸನಿಗೆ. ಅಕೀನೂ ಮನ್ಯಾಗ 'ಎಕ್ಸ್‌ಟ್ರಾ ಕ್ಲಾಸ್ ಐತಿ' ಅಂತ ಹೇಳೇ ಬಂದಿರ್ತಾಳಲ್ಲ. ಅಕಿ ಸುಳ್ಳು ಮಾತ್ರ ಕಡೀತನಕ ಒಂದೂ ಸಿಗಬಾರದು.