ಪುರಸಭೆಯಿಂದ ವಿಧಾನಸಭೆಗೆ ದಾರಿ ಇದೆಯಾ?

ವಾರ್ಡ್ ಸದಸ್ಯರಾಗಿ ಶುರು ಮಾಡಿದವರು ಶಾಸಕರಾಗುತ್ತಾರೆ ಅನ್ನೋದು ಸುಮ್ನೆ ಮಾತಾ ಅಂತ ಕೇಳಿದ್ದೀರಿ. ಅಲ್ಲ ಸಾರ್. ಯಡಿಯೂರಪ್ಪನವರು 1975ರಲ್ಲಿ ಶಿಕಾರಿಪುರ ಪುರಸಭೆಗೆ ಆಯ್ಕೆಯಾದರು, 1983ರಲ್ಲಿ ಅಲ್ಲಿಂದಲೇ ಶಾಸಕರಾದರು. ಸಿದ್ದರಾಮಯ್ಯನವರದೂ ಹಾಗೇ: 1978ರಲ್ಲಿ ಮೈಸೂರು ತಾಲ್ಲೂಕು ಬೋರ್ಡ್, 1983ರಲ್ಲಿ ಚಾಮುಂಡೇಶ್ವರಿ ಕ್ಷೇತ್ರ. ಇಬ್ಬರೂ ಮುಂದೆ ಮುಖ್ಯಮಂತ್ರಿಯಾದರು.

ನಲ್ಲಿಯಲ್ಲಿ ನೀರು ಬರದಿದ್ದರೆ ಜನ ಬೆಳಗ್ಗೆ ಆರಕ್ಕೇ ಬಡಿಯುವುದು ವಾರ್ಡ್ ಸದಸ್ಯರ ಬಾಗಿಲನ್ನೇ ಅಲ್ವಾ? ಆ ಮುಖಪರಿಚಯವೇ ದೊಡ್ಡ ಬಂಡವಾಳ. ಆದರೆ ಟಿಕೆಟ್ ಕೊಡುವುದು ಪಕ್ಷ. ಜಾಸ್ತಿ ಜನ ಅಲ್ಲೇ ನಿಂತುಬಿಡುತ್ತಾರೆ.

ಇನ್ನೊಂದು ದಾರಿ ಮೇಲ್ಮನೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25ಕ್ಕೆ ಮತ ಹಾಕುವವರು ಸ್ಥಳೀಯ ಸಂಸ್ಥೆಗಳ ಸದಸ್ಯರೇ. ವಯಸ್ಸು ಮಾತ್ರ ನೋಡಿಕೊಳ್ಳಿ: ಪಂಚಾಯಿತಿಗೆ 21 ಸಾಕು, ವಿಧಾನಸಭೆಗೆ 25, ಪರಿಷತ್ತಿಗೆ 30 ಆಗಿರಬೇಕು.