ಕಡಿದಷ್ಟೂ ಹೂವಿನ ಪಾತಿಯಲ್ಲಿ ಹಬ್ಬುತ್ತಿರುವ ಈ ಪೊದೆ ಯಾವುದು?

ಉಡುಪಿ ಹತ್ತಿರದ ಮನೆ, ದಾಸವಾಳದ ಪಾತಿ, ಎದೆಮಟ್ಟದ ಪೊದೆ, ಅಂಗೈಗಿಂತ ದೊಡ್ಡ ಹೃದಯಾಕಾರದ ಎಲೆ, ತುದಿಯಲ್ಲಿ ಬಿಳಿ ಹೂಗೊಂಚಲು, ಕಡಿದರೆ ನಾಲ್ಕೈದು ಅಡಿ ಆಚೆ ಹೊಸ ಗಿಡ. ನೀವು ಬರೆದಿರುವುದು ಇಷ್ಟು. ಇದು ಬಹುತೇಕ ಖಂಡಿತ ಕ್ಲೆರೋಡೆಂಡ್ರಮ್ ಚೈನೆನ್ಸೆ. ನಮ್ಮಲ್ಲಿ ರಥಪುಷ್ಪ ಅಥವಾ ಕೃಷ್ಣಕಿರೀಟ ಎನ್ನುವ ಕೆಂಪು ಹೂವಿನ ಗಿಡದ ಹತ್ತಿರದ ಬಂಧು.

ಖಚಿತ ಮಾಡಿಕೊಳ್ಳಲು ಮೊದಲು ಎಲೆ ಹಿಸುಕಿ ಮೂಸಿ, ಕೆಟ್ಟ ವಾಸನೆ ಬರಬೇಕು. ಹೂವಿಗೆ ಮಾತ್ರ ಒಳ್ಳೆಯ ಪರಿಮಳ. ಆಮೇಲೆ ಒಂದೇ ಹೂ ಕಿತ್ತು ನೋಡಿ. ಪುಟ್ಟ ಗುಲಾಬಿಯಂತೆ ಎಸಳು ಒತ್ತೊತ್ತಾಗಿದ್ದರೆ ಇದೇ. ಐದೇ ಎಸಳಿದ್ದು, ಕೇಸರಗಳು ಉದ್ದಕ್ಕೆ ಹೊರಚಾಚಿದ್ದರೆ ಅದು ಗುಡ್ಡದ ಬದಿಯಲ್ಲಿ ತಾನಾಗಿ ಬೆಳೆಯುವ ಅದರ ಕಾಡು ಸಂಬಂಧಿ. ಆ ಕಾಡು ಗಿಡ ಕಾಯಿ ಬಿಟ್ಟಾಗ ಕೆಂಪು ನಕ್ಷತ್ರದ ಮೇಲೆ ಕಪ್ಪು ಕಾಯಿ ಕೂತಂತೆ ಕಾಣುತ್ತದೆ. ಲಂಟಾನ ಎಂಬ ಅನುಮಾನ ಬೇಡ, ಅದರ ಎಲೆ ಚಿಕ್ಕದು, ಒರಟು, ಕಾಂಡದಲ್ಲಿ ಮುಳ್ಳು.

ಎಸಳು ಒತ್ತಾಗಿರುವ ಈ ಗಿಡ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಹಬ್ಬುವುದೆಲ್ಲ ನೆಲದಡಿಯ ಬೇರಿನಿಂದ, ಬೇರು ಅಡ್ಡಕ್ಕೆ ಓಡಿ ಅಲ್ಲಲ್ಲಿ ಕಂದು, ಅಂದರೆ ಮರಿಗಿಡ, ಎಬ್ಬಿಸುತ್ತದೆ. ನಿಮ್ಮ ತೊಂದರೆಯ ಮೂಲ ಇಲ್ಲೇ ಇದೆ. ಕಾಂಡ ಕಡಿದರೆ ಬೇರಿಗೆ ಏನೂ ಆಗುವುದಿಲ್ಲ. ಹಾರೆಯಿಂದ ಕೊಚ್ಚಿದರೆ ಇನ್ನೂ ಕೆಟ್ಟದ್ದು, ತುಂಡಾದ ಬೇರು ಒಂದೊಂದೂ ಹೊಸ ಗಿಡವಾಗುತ್ತದೆ.

ಮಳೆ ಇಳಿಯುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಕೈಹಾಕಿ. ಬೇಸಿಗೆಯಲ್ಲಿ ಕೆಂಪು ಜಂಬಿಟ್ಟಿಗೆ ಮಣ್ಣು ಗಟ್ಟಿಯಾಗಿ ಬೇರು ನಡುವೆಯೇ ತುಂಡಾಗುತ್ತದೆ. ಜುಲೈನಲ್ಲಿ ಕಿತ್ತದ್ದು ಒಣಗುವುದಿಲ್ಲ, ಬಿದ್ದಲ್ಲೇ ಚಿಗುರುತ್ತದೆ. ಕಾಂಡವನ್ನು ಒಂದು ಅಡಿ ಬಿಟ್ಟು ಕಡಿಯಿರಿ, ಎಳೆಯಲು ಹಿಡಿ ಸಿಗುತ್ತದೆ. ಬುಡದ ಸುತ್ತ ಪಿಕ್ಕಾಸಿನಿಂದ ಮಣ್ಣು ಸಡಿಲಿಸಿ, ಬೇರು ಹೋದ ದಿಕ್ಕಿಗೆ ಕೈಯಿಂದಲೇ ಬಿಡಿಸುತ್ತ ಮುಂದಿನ ಕಂದಿನವರೆಗೂ ಹೋಗಿ. ದಾಸವಾಳದ ಬೇರಿನೊಳಗೆ ಹೆಣೆದುಕೊಂಡಿದ್ದರೆ ಅವಸರ ಬೇಡ. ಅಲ್ಲಿ ಎದ್ದ ಚಿಗುರನ್ನು ಹತ್ತು ಹದಿನೈದು ದಿನಕ್ಕೊಮ್ಮೆ, ಎಲೆ ಬಲಿಯುವ ಮೊದಲೇ ಚಿವುಟುತ್ತಿದ್ದರೆ ಬೇರಿನಲ್ಲಿ ಕೂಡಿಟ್ಟ ಶಕ್ತಿ ಕರಗಿ ಬರುತ್ತದೆ. ಒಂದೆರಡು ತಿಂಗಳಲ್ಲಿ ಮುಗಿಯುವ ಕೆಲಸವಲ್ಲ, ಒಂದು ವರ್ಷವಾದರೂ ಬಿಡದೆ ಮಾಡಬೇಕು. ಕಳೆನಾಶಕ ಸಿಂಪಡಿಸಬೇಡಿ, ಪಕ್ಕದ ದಾಸವಾಳಕ್ಕೂ ತಾಗುತ್ತದೆ.

ಕಿತ್ತ ಬೇರನ್ನು ಗೊಬ್ಬರದ ಗುಂಡಿಗಾಗಲಿ, ತೆಂಗಿನ ಬುಡಕ್ಕಾಗಲಿ ಹಾಕಲೇಬೇಡಿ. ಎಷ್ಟೋ ತೋಟಗಳಿಗೆ ಇದು ಹೋಗುವುದು ಹಾಗೆಯೇ. ಸಿಮೆಂಟ್ ನೆಲದ ಮೇಲೆ ಹರಡಿ, ಮುರಿದರೆ ಪಟ್ಟನೆ ತುಂಡಾಗುವವರೆಗೆ ಒಣಗಿಸಿ.

ಪರಿಮಳಕ್ಕಾಗಿ ಒಂದು ಗಿಡ ಇಟ್ಟುಕೊಳ್ಳುವ ಆಸೆಯಿದ್ದರೆ ದೊಡ್ಡ ಕುಂಡದಲ್ಲಿಡಿ, ಆದರೆ ಕುಂಡ ಸಿಮೆಂಟ್ ನೆಲದ ಮೇಲಿರಲಿ. ಮಣ್ಣಿನ ಮೇಲಿಟ್ಟರೆ ತಳದ ತೂತಿನಿಂದ ಬೇರು ಕೆಳಗಿಳಿಯುತ್ತದೆ. ಬಿಡಿಸಿದ ಜಾಗದಲ್ಲಿ ಮುಂದಿನ ಮಳೆಗಾಲ ಮುಗಿಯುವವರೆಗೆ ಬಹುವಾರ್ಷಿಕ ಗಿಡ ನೆಡದೆ ಬೆಂಡೆ, ಹರಿವೆ ಹಾಕಿ. ಉಳಿದ ಬೇರು ಚಿಗುರಿದರೆ ಅಗೆದು ತೆಗೆಯಲು ಜಾಗ ಸಿಗುತ್ತದೆ.