ಪಬ್ಲಿಶ್ ಆಗಿದೆ, ಸಂದೇಶ ಏಕೆ ಬರುತ್ತಿಲ್ಲ? ಓದುಗರ ತಾಂತ್ರಿಕ ಪ್ರಶ್ನೆಗಳಿಗೆ ಉತ್ತರ

ಪುಣೆ, ಮುಂಬಯಿ ಮತ್ತು ಗೋವಾದ ಓದುಗರು ಈ ಬಾರಿ ಬರೆದಿರುವ ತಂತ್ರಾಂಶದ ಪತ್ರಗಳು ಬಹುಮಟ್ಟಿಗೆ ಒಂದೇ ವಿಷಯವನ್ನು ಕುರಿತವು. ಎಕ್ಲಿಪ್ಸ್ ಎಂಬ ಕೋಡ್ ಬರೆಯುವ ಸಾಧನದಲ್ಲಿ ಬರೆದ ಮೆಸೇಜ್ ಡ್ರಿವನ್ ಬೀನ್, ಜಾವಾ ಪ್ರೋಗ್ರಾಮುಗಳನ್ನು ನಡೆಸುವ ವೈಲ್ಡ್‌ಫ್ಲೈ ಸರ್ವರಿಗೆ ಹೋದ ಮೇಲೆ ನಿರೀಕ್ಷಿಸಿದಂತೆ ಕೆಲಸ ಮಾಡುವುದಿಲ್ಲ ಎಂಬುದು ಎಲ್ಲರ ದೂರು. ಈ ಕ್ಷೇತ್ರಕ್ಕೆ ಹೊಸಬರಾದವರಿಗಾಗಿ ಒಂದು ಮಾತು: ಕ್ಯೂ (ಸಂದೇಶಗಳು ಸರದಿಯಲ್ಲಿ ಕಾಯುವ ಜಾಗ) ಒಂದಕ್ಕೆ ಸಂದೇಶ ಬಂದಾಗ ಸರ್ವರ್ ತಾನಾಗಿಯೇ ಕರೆಯುವ ಜಾವಾ ಕ್ಲಾಸಿಗೆ ಈ ಹೆಸರು. ಸರ್ವರ್ ಬದಿಯ ಜಾವಾ ಘಟಕಗಳ ಮಾನದಂಡವಾದ ಇಜೆಬಿಯ 2001ರ 2.0 ಆವೃತ್ತಿಯಲ್ಲಿ ಇದು ಬಂದಿತು. 2006ರ ಇಜೆಬಿ 3.0ರಿಂದ ಕ್ಲಾಸಿನ ಮೇಲೆ ಒಂದು ಅನೊಟೇಶನ್ (ಗುರುತಿನ ಸಾಲು) ಬರೆದರೆ ಸಾಕು ಎಂಬಷ್ಟು ಸರಳವಾಯಿತು. ಆದರೆ ಬರೆಯುವುದು ಸರಳವಾದಷ್ಟೂ, ಹಿಂದೆ ಸರ್ವರಿನಲ್ಲಿ ಏನೇನು ಸಿದ್ಧವಾಗಿರಬೇಕು ಎಂಬುದು ಬರೆಯುವವರ ಕಣ್ಣಿಗೆ ಬೀಳದೆ ಹೋಗುತ್ತದೆ.

ಪ್ರಶ್ನೆ: ಮಾನ್ಯರೇ, ಹುಬ್ಬಳ್ಳಿಯಲ್ಲಿ ಓದು ಮುಗಿಸಿ ಈಗ ಪುಣೆಯ ಹಿಂಜವಾಡಿಯಲ್ಲಿ ಕೆಲಸದಲ್ಲಿದ್ದೇನೆ. ಸರಕು ಸಾಗಣೆಯ ಆರ್ಡರುಗಳನ್ನು ಕ್ಯೂನಿಂದ ಎತ್ತಿಕೊಳ್ಳುವ ಬೀನ್ ಒಂದನ್ನು ಬರೆದಿದ್ದೇನೆ. ಎಕ್ಲಿಪ್ಸ್‌ನ ಸರ್ವರ್ ಪಟ್ಟಿಯಲ್ಲಿ ‘ಸ್ಟಾರ್ಟೆಡ್, ಸಿಂಕ್ರನೈಸ್ಡ್’ ಎಂದು ತೋರಿಸುತ್ತದೆ. ಕನ್ಸೋಲಿನಲ್ಲಿ ಮಾತ್ರ ಕೆಂಪು ಸಾಲುಗಳ ರಾಶಿಯೇ ಬರುತ್ತದೆ. ಡಿಫಾಲ್ಟ್ ರಿಸೋರ್ಸ್ ಅಡಾಪ್ಟರ್‌ಗೆ (ಬೀನನ್ನು ಸಂದೇಶ ವ್ಯವಸ್ಥೆಗೆ ಜೋಡಿಸುವ ಕೊಂಡಿಗೆ) ಸಂಬಂಧಿಸಿದ ಸೇವೆ ಇಲ್ಲ ಎಂದು ಅದರಲ್ಲಿರುತ್ತದೆ. ನನ್ನ ಅಪ್ಲಿಕೇಶನ್ನಿನ ಕಂತೆಯಾದ ಅದೇ ವಾರ್ ಕಡತವನ್ನು ನಮ್ಮ ತಂಡದ ಹಿರಿಯರು ಟರ್ಮಿನಲ್‌ನಿಂದ ಶುರು ಮಾಡಿದ ಸರ್ವರಿಗೆ ಹಾಕಿದರೆ ಸರಿಯಾಗಿ ನಡೆಯುತ್ತದೆ. ನನ್ನ ಕೋಡಿನಲ್ಲಿ ಏನು ತಪ್ಪಿದೆ? – ಓದುಗರೊಬ್ಬರು, ಹಿಂಜವಾಡಿ

ಉತ್ತರ: ನಿಮ್ಮ ಕೋಡಿನಲ್ಲಿ ತಪ್ಪಿರುವಂತೆ ಕಾಣುವುದಿಲ್ಲ. ಒಂದೇ ವಾರ್ ಕಡತ ಒಂದು ಕಡೆ ನಡೆದು ಇನ್ನೊಂದು ಕಡೆ ನಡೆಯದಿದ್ದರೆ, ಕಡತವನ್ನು ಬಿಟ್ಟು ಎರಡು ಸರ್ವರುಗಳು ಶುರುವಾದ ರೀತಿಯನ್ನು ಹೋಲಿಸಿ ನೋಡಬೇಕು. ವೈಲ್ಡ್‌ಫ್ಲೈ ತನ್ನ ಕಾನ್ಫಿಗರೇಶನ್ ಫೋಲ್ಡರಿನಲ್ಲಿ ಒಂದಕ್ಕಿಂತ ಹೆಚ್ಚು ಸಂರಚನಾ ಕಡತಗಳನ್ನು ಇಟ್ಟುಕೊಂಡು ಬರುತ್ತದೆ. ಏನನ್ನೂ ಹೇಳದೆ ಶುರು ಮಾಡಿದರೆ ಅದು ಸ್ಟ್ಯಾಂಡಲೋನ್.ಎಕ್ಸ್‌ಎಂಎಲ್ ಕಡತವನ್ನು ಓದುತ್ತದೆ, ಮತ್ತು ಆ ಕಡತದಲ್ಲಿ ಮೆಸೇಜಿಂಗ್ ಉಪವ್ಯವಸ್ಥೆಯೇ ಇರುವುದಿಲ್ಲ. ಕ್ಯೂ, ಟಾಪಿಕ್ (ಒಂದೇ ಸಂದೇಶ ಹಲವರಿಗೆ ಹೋಗುವ ಬಗೆ), ಅವುಗಳ ಹಿಂದೆ ಸಂದೇಶ ಸಾಗಿಸುವ ಆರ್ಟೆಮಿಸ್ ಬ್ರೋಕರ್, ಹಾಗೂ ‘ಮೆಸೇಜ್ ಡ್ರಿವನ್ ಬೀನ್‌ಗಳಿಗೆಲ್ಲ ಈ ಅಡಾಪ್ಟರ್ ಬಳಸು’ ಎಂದು ಇಜೆಬಿ ಭಾಗಕ್ಕೆ ತಿಳಿಸುವ ಸಾಲು, ಇವೆಲ್ಲ ಇರುವುದು ಸ್ಟ್ಯಾಂಡಲೋನ್-ಫುಲ್.ಎಕ್ಸ್‌ಎಂಎಲ್ ಕಡತದಲ್ಲಿ. ನಿಮ್ಮ ಹಿರಿಯರು ಟರ್ಮಿನಲ್‌ನಲ್ಲಿ ಶುರು ಮಾಡುವಾಗ ಮೈನಸ್ ಸಿ ಆಯ್ಕೆಯ ಜೊತೆಗೆ ಈ ಎರಡನೆಯ ಕಡತದ ಹೆಸರನ್ನು ಕೊಡುತ್ತಿರಬೇಕು. ರೂಢಿಯಾಗಿ ಹೋಗಿರುವುದರಿಂದ ಅದನ್ನು ನಿಮಗೆ ಹೇಳಬೇಕೆಂದು ಅವರಿಗೆ ತೋಚಿರಲಾರದು.

ಎಕ್ಲಿಪ್ಸ್‌ನಲ್ಲಿ ಇದನ್ನು ಖಚಿತಪಡಿಸಿಕೊಳ್ಳುವುದು ಕಷ್ಟವಲ್ಲ. ಸರ್ವರಿನ ಹೆಸರಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ತೆರೆಯುವ ಪುಟದಿಂದ ಲಾಂಚ್ ಕಾನ್ಫಿಗರೇಶನ್‌ಗೆ ಹೋಗಿ, ಅಲ್ಲಿಯ ಪ್ರೋಗ್ರಾಮ್ ಆರ್ಗ್ಯುಮೆಂಟ್‌ಗಳ ಉದ್ದನೆಯ ಸಾಲನ್ನು ನಿಧಾನವಾಗಿ ಓದಿರಿ. ಎಕ್ಲಿಪ್ಸ್‌ಗೆ ಸೇರಿಸುವ ಜೆಬಾಸ್ ಟೂಲ್ಸ್ ಬಳಸುತ್ತಿದ್ದರೆ ಆ ಸಾಲಿನಲ್ಲಿ ಸರ್ವರ್-ಕಾನ್ಫಿಗ್ ಎಂಬ ಪದದ ಮುಂದೆ ಯಾವ ಕಡತದ ಹೆಸರಿದೆ ಎಂಬುದು ಕಾಣುತ್ತದೆ. ಅದನ್ನು ಅಲ್ಲೇ ತಿದ್ದುವ ಬದಲು, ಸರ್ವರನ್ನು ನಿಲ್ಲಿಸಿ, ಅದೇ ಪುಟದಲ್ಲಿರುವ ರನ್‌ಟೈಮ್ ಎನ್ವಿರಾನ್‌ಮೆಂಟ್ ಕೊಂಡಿಯ ಮೂಲಕ ಕಾನ್ಫಿಗರೇಶನ್ ಫೈಲ್ ಎಂಬಲ್ಲಿ ಫುಲ್ ಕಡತವನ್ನು ಆಯ್ದುಕೊಳ್ಳುವುದು ಉತ್ತಮ. ನಂತರ ನಿಮ್ಮ ಪ್ರಾಜೆಕ್ಟನ್ನು ಸರ್ವರಿನಿಂದ ತೆಗೆದು ಮತ್ತೆ ಸೇರಿಸಿರಿ.

ಇಲ್ಲಿ ನಿಮಗೆ ಇನ್ನೊಂದು ಎಡವು ಕಾದಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಂರಚನಾ ಕಡತಗಳು ಒಂದಕ್ಕೊಂದು ಸಂಬಂಧವಿಲ್ಲದವು. ನೀವು ಈ ಹಿಂದೆ ಸ್ಟ್ಯಾಂಡಲೋನ್.ಎಕ್ಸ್‌ಎಂಎಲ್ ಮೇಲೆ ಸರ್ವರ್ ನಡೆಸುತ್ತಿದ್ದಾಗ ಡೇಟಾಬೇಸಿಗೆ ಡೇಟಾಸೋರ್ಸ್ (ಸಂಪರ್ಕದ ವಿವರ) ಸೇರಿಸಿದ್ದರೆ, ಅದು ಆ ಕಡತದಲ್ಲೇ ಉಳಿದಿದೆ. ಫುಲ್ ಕಡತಕ್ಕೆ ಬಂದೊಡನೆ ‘ಡೇಟಾಸೋರ್ಸ್ ಇಲ್ಲ’ ಎಂಬ ಹೊಸ ದೋಷ ತಲೆದೋರುತ್ತದೆ. ಆಗ ಬದಲಾವಣೆಯೇ ತಪ್ಪಾಯಿತೆಂದು ತಿಳಿದು ಹಳೆಯ ಕಡತಕ್ಕೆ ಮರಳುವವರು ಕಡಿಮೆಯಿಲ್ಲ. ಹಾಗೆ ಮಾಡದೆ, ಡೇಟಾಸೋರ್ಸನ್ನೂ ಕ್ಯೂ ಹೆಸರನ್ನೂ ಸರ್ವರಿನ ಆಡಳಿತ ಸಾಧನದಿಂದ ಫುಲ್ ಕಡತಕ್ಕೆ ಸೇರಿಸಿರಿ. ಸರ್ವರ್ ನಡೆಯುತ್ತಿರುವಾಗ ಎಕ್ಸ್‌ಎಂಎಲ್ ಕಡತವನ್ನು ಕೈಯಿಂದ ತಿದ್ದಬೇಡಿರಿ. ಆಡಳಿತ ಸಾಧನದಿಂದ ಆಗುವ ಮುಂದಿನ ಬದಲಾವಣೆಯೊಂದಿಗೆ ಸರ್ವರ್ ಇಡೀ ಕಡತವನ್ನು ತಾನೇ ಮತ್ತೆ ಬರೆಯುವುದರಿಂದ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ.

‘ಸಿಂಕ್ರನೈಸ್ಡ್’ ಎಂಬುದರ ಬಗ್ಗೆಯೂ ಎರಡು ಮಾತು. ನಿಮ್ಮ ಕಡತಗಳ ನಕಲು ಸರ್ವರಿನ ಡೆಪ್ಲಾಯ್‌ಮೆಂಟ್ಸ್ ಫೋಲ್ಡರಿಗೆ ಹೋಗಿದೆ ಎಂಬುದಷ್ಟೇ ಅದರ ತಾತ್ಪರ್ಯ. ಸರ್ವರ್ ಅದನ್ನು ಒಪ್ಪಿಕೊಂಡಿತೇ ಎಂಬುದನ್ನು ತಿಳಿಯಲು ಆ ಫೋಲ್ಡರನ್ನೇ ತೆರೆದು ನೋಡಬೇಕು: ವಾರ್ ಹೆಸರಿನ ಪಕ್ಕದಲ್ಲಿ ‘ಡೆಪ್ಲಾಯ್ಡ್’ ಎಂದು ಕೊನೆಯಾಗುವ ಸಣ್ಣ ಗುರುತು ಕಡತವಿದ್ದರೆ ಒಪ್ಪಿಕೊಂಡಿದೆ, ‘ಫೇಲ್ಡ್’ ಎಂದು ಕೊನೆಯಾಗುವುದಿದ್ದರೆ ಇಲ್ಲ, ಮತ್ತು ಆ ಫೇಲ್ಡ್ ಕಡತವನ್ನು ತೆರೆದರೆ ಕಾರಣವೂ ಅದರೊಳಗೇ ಬರೆದಿರುತ್ತದೆ. ಕನ್ಸೋಲಿನ ಕೆಂಪು ರಾಶಿಯಲ್ಲಿ 0412 ಎಂಬ ಸಂಖ್ಯೆಯಿರುವ ಸಾಲನ್ನು ಮೊದಲು ಹುಡುಕಿರಿ. ಬೇಕಾಗಿದ್ದೂ ಸ್ಥಾಪನೆಯಾಗದಿರುವ ಸೇವೆಗಳು ಯಾವುವು ಎಂಬುದನ್ನು ಅದು ಹೇಳುತ್ತದೆ. ಜೊತೆಗೆ ಬರುವ 0180 ಸಂಖ್ಯೆಯ ಉದ್ದನೆಯ ಪಟ್ಟಿ, ಅವುಗಳನ್ನು ನಂಬಿಕೊಂಡು ನಿಂತುಹೋದವುಗಳ ಪಟ್ಟಿ ಮಾತ್ರ. ಎಲ್ಲವೂ ಸರಿಹೋದಾಗ, ಇಂಥ ಹೆಸರಿನ ಮೆಸೇಜ್ ಡ್ರಿವನ್ ಬೀನ್ ಇಂಥ ರಿಸೋರ್ಸ್ ಅಡಾಪ್ಟರಿನೊಂದಿಗೆ ಶುರುವಾಯಿತು ಎಂಬ ಸ್ಪಷ್ಟವಾದ ಸಾಲು ಲಾಗ್‌ನಲ್ಲಿ ಬರುತ್ತದೆ. ಅದು ಬರುವ ತನಕ ಬೀನ್ ಶುರುವಾಗಿದೆ ಎಂದು ನಂಬಬೇಡಿರಿ.

ಪ್ರಶ್ನೆ: ನ್ಹಾವಾ ಶೇವಾ ಬಂದರಿನ ಕಂಟೇನರ್ ಯಾರ್ಡ್ ಒಂದಕ್ಕೆ ತಂತ್ರಾಂಶ ಮಾಡುವ ತಂಡದಲ್ಲಿದ್ದೇನೆ. ಗೇಟಿನಲ್ಲಿ ಲಾರಿ ಒಳಬಂದೊಡನೆ ಸಂದೇಶ ಕ್ಯೂಗೆ ಹೋಗಬೇಕು, ಬೀನ್ ಅದನ್ನು ಓದಿ ದಾಖಲಿಸಬೇಕು. ವೈಲ್ಡ್‌ಫ್ಲೈ 26ರಲ್ಲಿ ಸರಿಯಾಗಿದ್ದುದು, ಹೊಸ ಆವೃತ್ತಿಗೆ ಹೋದ ಮೇಲೆ ನಿಂತಿದೆ. ವಿಚಿತ್ರವೆಂದರೆ ದೋಷ ಒಂದೂ ಇಲ್ಲ. ವೆಬ್ ಪುಟಗಳು ತೆರೆಯುತ್ತವೆ, ಕ್ಯೂನಲ್ಲಿ ಸಂದೇಶಗಳು ರಾಶಿ ಬೀಳುತ್ತಲೇ ಇವೆ. ಬೀನ್ ಇರುವ ಜಾರ್ ಕಡತ (ಜಾವಾ ಕ್ಲಾಸುಗಳ ಕಂತೆ) ಹಳೆಯದು, ಹಲವು ಪ್ರಾಜೆಕ್ಟುಗಳು ಅದನ್ನು ಹಂಚಿಕೊಳ್ಳುತ್ತವೆ. – ಓದುಗರು, ಖಾರ್‌ಘರ್, ನವಿ ಮುಂಬಯಿ

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲೇ ಉತ್ತರವಿದೆ. ಒರೇಕಲ್ ಸಂಸ್ಥೆಯು ಇಜೆಬಿಯನ್ನೂ ಒಳಗೊಂಡ ಜಾವಾ ಇಇ ಎಂಬ ಸರ್ವರ್ ಮಾನದಂಡಗಳ ಗುಂಪನ್ನು 2017ರಲ್ಲಿ ಎಕ್ಲಿಪ್ಸ್ ಫೌಂಡೇಶನ್ನಿಗೆ ಹಸ್ತಾಂತರಿಸಲು ತೀರ್ಮಾನಿಸಿತಾದರೂ ಅದರ ಪ್ಯಾಕೇಜುಗಳ ಮೊದಲಲ್ಲಿ ಬರುವ ‘ಜಾವಾಎಕ್ಸ್’ ಎಂಬ ಹೆಸರನ್ನು ಮುಂದೆ ಬೆಳೆಸುವ ಹಕ್ಕನ್ನು ಬಿಟ್ಟುಕೊಡಲಿಲ್ಲ. ಅದರಿಂದಾಗಿ 2020ರ ಜಕಾರ್ತಾ ಇಇ (ಜಾವಾ ಇಇಯ ಹೊಸ ಹೆಸರು) 9ರಲ್ಲಿ ಆ ಪ್ಯಾಕೇಜುಗಳ ಹೆಸರೆಲ್ಲ ‘ಜಕಾರ್ತಾ’ ಎಂದು ಬದಲಾದವು. ವೈಲ್ಡ್‌ಫ್ಲೈ ಈ ಹೊಸ ಹೆಸರುಗಳಿಗೆ ಪೂರ್ತಿಯಾಗಿ ಹೋದದ್ದು 2022ರ 27ನೇ ಆವೃತ್ತಿಯಿಂದ. ನಿಮ್ಮ ವೆಬ್ ಭಾಗವನ್ನು ಯಾರೋ ಹೊಸ ಹೆಸರಿಗೆ ತಂದಿದ್ದಾರೆ. ಹಂಚಿಕೆಯ ಜಾರ್ ಹಾಗೆಯೇ ಉಳಿದಿದೆ.

ದೋಷವೇಕೆ ಬರುವುದಿಲ್ಲ ಎಂಬುದು ತಿಳಿಯಬೇಕಾದ ಸಂಗತಿ. ಸರ್ವರ್ ಜಾರ್ ಕಡತವನ್ನು ಜಾಲಾಡಿ ಜಕಾರ್ತಾ ಹೆಸರಿನ ಮೆಸೇಜ್ ಡ್ರಿವನ್ ಅನೊಟೇಶನ್ ಇರುವ ಕ್ಲಾಸ್ ಇದೆಯೇ ಎಂದು ನೋಡುತ್ತದೆ. ನಿಮ್ಮ ಕ್ಲಾಸಿನ ಮೇಲಿರುವುದು ಹಳೆಯ ಹೆಸರಿನ ಅನೊಟೇಶನ್ ಆದ್ದರಿಂದ, ಸರ್ವರಿನ ಕಣ್ಣಿಗೆ ಅದು ಬೀನ್ ಅಲ್ಲ, ಯಾವುದೋ ಒಂದು ಸಾಮಾನ್ಯ ಕ್ಲಾಸು. ಸಾಮಾನ್ಯ ಕ್ಲಾಸು ಜಾರ್‌ನಲ್ಲಿದ್ದರೆ ಯಾರೂ ದೂರುವುದಿಲ್ಲ. ಅತ್ತ ಎಕ್ಲಿಪ್ಸ್‌ನಲ್ಲಿ, ಜಾವಾ ಇಇ 7ರ ಹಳೆಯ ಎಪಿಐ ಜಾರ್ (ಕಂಪೈಲ್ ಮಾಡಲು ಬೇಕಾದ ವ್ಯಾಖ್ಯೆಗಳ ಕಂತೆ) ಇನ್ನೂ ಮೇವನ್ (ಬೇಕಾದ ಜಾರ್‌ಗಳನ್ನು ತರಿಸುವ ಸಾಧನ) ಪಟ್ಟಿಯಲ್ಲಿರುವುದರಿಂದ ಕಂಪೈಲ್ ಕೂಡ ಸಲೀಸಾಗಿ ಆಗುತ್ತದೆ. ಎರಡೂ ಕಡೆ ಹಸಿರು, ನಡುವೆ ಬೀನ್ ನಾಪತ್ತೆ. ಆಡಳಿತ ಸಾಧನದಲ್ಲಿ ಆ ಕ್ಯೂನ ಕನ್ಸ್ಯೂಮರ್-ಕೌಂಟ್ (ಸಂದೇಶ ಪಡೆಯುವ ಗ್ರಾಹಕರ ಎಣಿಕೆ) ನೋಡಿದರೆ 0 ಇರುತ್ತದೆ, ಮೆಸೇಜ್-ಕೌಂಟ್ (ಸಂದೇಶಗಳ ಎಣಿಕೆ) ಏರುತ್ತಲೇ ಇರುತ್ತದೆ.

ಮೊದಲು ಮೇವನ್‌ನಿಂದ ಹಳೆಯ ಎಪಿಐ ಜಾರನ್ನು ತೆಗೆದುಹಾಕಿರಿ. ಆಗ ಎಲ್ಲೆಲ್ಲಿ ಹಳೆಯ ಹೆಸರಿದೆಯೋ ಅಲ್ಲೆಲ್ಲ ಎಕ್ಲಿಪ್ಸ್ ಕೆಂಪು ಗೆರೆ ಎಳೆದು ತೋರಿಸುತ್ತದೆ. ಈ ಒಂದು ಸಲ ಕೆಂಪು ಗೆರೆಗಳೇ ನಿಮಗೆ ಸಹಾಯಕ. ಹೊಸ ಜಕಾರ್ತಾ ಎಪಿಐಯನ್ನು ‘ಪ್ರೊವೈಡೆಡ್’ (ಸರ್ವರ್ ತಾನೇ ಒದಗಿಸುವಂಥದು) ಎಂದೇ ಸೇರಿಸಿರಿ, ಅದು ವಾರ್ ಒಳಗೆ ಹೋಗಬಾರದು. ಇಡೀ ಪ್ರಾಜೆಕ್ಟಿನಲ್ಲಿ ಜಾವಾಎಕ್ಸ್ ಎಂಬುದನ್ನು ಹುಡುಕಿ ಒಂದೇ ಏಟಿಗೆ ಬದಲಿಸುವ ಆಸೆ ಬರುವುದು ಸಹಜ, ಆದರೆ ಅದು ಬೇಡ. ಡೇಟಾಬೇಸಿಗೆ ಸಂಬಂಧಿಸಿದ ಜಾವಾಎಕ್ಸ್ ಎಸ್‌ಕ್ಯೂಎಲ್, ಹೆಸರು ಹುಡುಕುವ ಜಾವಾಎಕ್ಸ್ ನೇಮಿಂಗ್, ಜಾವಾಎಕ್ಸ್ ಕ್ರಿಪ್ಟೊ ಮುಂತಾದವು ಮೂಲ ಜಾವಾ ಆದ ಜಾವಾ ಎಸ್‌ಇಯ ಭಾಗವಾಗಿರುವುದರಿಂದ ಅವುಗಳ ಹೆಸರು ಬದಲಾಗಿಲ್ಲ. ಟ್ರಾನ್ಸಾಕ್ಷನ್ ಪ್ಯಾಕೇಜಿನ ಕಥೆ ಇನ್ನೂ ತೊಡಕಿನದು: ಅದರ ಹೆಸರು ಬದಲಾಗಿದೆ, ಅದರೊಳಗಿನ ಎಕ್ಸ್‌ಎ ಎಂಬ ಉಪಪ್ಯಾಕೇಜಿನದು ಹಾಗೆಯೇ ಇದೆ.

ಕಂಪೈಲರ್ ಹಿಡಿಯಲಾರದ ಒಂದು ಜಾಗವೂ ಇದೆ. ಬೀನ್‌ನ ಆಕ್ಟಿವೇಶನ್ ಸಂರಚನೆಯಲ್ಲಿ ಡೆಸ್ಟಿನೇಶನ್‌ಟೈಪ್ ಎಂಬ ಗುಣಕ್ಕೆ ಕ್ಯೂ ಅಥವಾ ಟಾಪಿಕ್ ಇಂಟರ್‌ಫೇಸಿನ ಪೂರ್ಣ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರಿಯ ಪಠ್ಯವಾಗಿ ಕೊಡಲಾಗುತ್ತದೆ. ಅದರಲ್ಲಿ ಹಳೆಯ ಹೆಸರು ಉಳಿದಿದ್ದರೆ ಎಕ್ಲಿಪ್ಸ್ ಗೆರೆ ಎಳೆಯುವುದಿಲ್ಲ. ಅದನ್ನು ಕಣ್ಣಿಂದಲೇ ಹುಡುಕಿ ತಿದ್ದಬೇಕು. ಹಂಚಿಕೆಯ ಜಾರ್ ಆದ್ದರಿಂದ, ಇನ್ನೂ ಹಳೆಯ ಸರ್ವರಿನಲ್ಲಿರುವ ಪ್ರಾಜೆಕ್ಟುಗಳಿಗೆ ಹಿಂದಿನ ಆವೃತ್ತಿಯನ್ನೇ ಬಿಟ್ಟು, ಇದಕ್ಕೆ ಬೇರೆ ಆವೃತ್ತಿ ಸಂಖ್ಯೆ ಕೊಡಿರಿ.

ಪ್ರಶ್ನೆ: ವೆರ್ಣಾದ ಔಷಧ ಕಾರ್ಖಾನೆಯೊಂದರ ಲೇಬಲ್ ಮುದ್ರಣ ವ್ಯವಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಕೋಡ್ ನಡುವೆ ನಿಲ್ಲುವಂತೆ ಬ್ರೇಕ್‌ಪಾಯಿಂಟ್ ಇಟ್ಟು ಸಂದೇಶ ಕಳುಹಿಸಿದರೆ ಒಮ್ಮೆ ನಿಲ್ಲುತ್ತದೆ, ಒಮ್ಮೆ ನಿಲ್ಲುವುದಿಲ್ಲ. ಸಂದೇಶ ಮಾತ್ರ ಕ್ಯೂನಿಂದ ಮಾಯವಾಗಿರುತ್ತದೆ. ನಿಂತಾಗಲೂ ಕೆಲವೊಮ್ಮೆ ಅದೇ ಸಂದೇಶ ಮತ್ತೆ ಮತ್ತೆ ಬರುತ್ತದೆ. – ಓದುಗರು, ವಾಸ್ಕೊ

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಕ್ಯೂನಲ್ಲಿರುವ ಒಂದು ಸಂದೇಶ ಒಬ್ಬ ಗ್ರಾಹಕನಿಗೆ ಮಾತ್ರ ತಲುಪುತ್ತದೆ. ಗ್ರಾಹಕರು ಹಲವರಿದ್ದರೆ ಸಂದೇಶಗಳು ಅವರ ನಡುವೆ ಹಂಚಿಹೋಗುತ್ತವೆ. ಆದ್ದರಿಂದ ನಿಮ್ಮ ಸಂದೇಶವನ್ನು ಇನ್ನಾರೋ ತಿನ್ನುತ್ತಿದ್ದಾರೆ. ಎಂದೋ ಕೈಯಿಂದ ನಕಲು ಮಾಡಿದ ವಾರ್ ಕಡತ ಬೇರೆ ಹೆಸರಿನಲ್ಲಿ ಅದೇ ಸರ್ವರಿನಲ್ಲಿ ಇನ್ನೂ ಜೀವಂತವಾಗಿರಬಹುದು. ಇಲ್ಲವೇ ಒಂದೇ ಪರೀಕ್ಷಾ ಬ್ರೋಕರಿಗೆ ಪಕ್ಕದ ಮೇಜಿನವರ ಬೀನ್ ಕೂಡ ಜೋಡಿಸಿಕೊಂಡಿರಬಹುದು. ಬೇರೇನನ್ನೂ ಬದಲಿಸದಿದ್ದರೆ ಆರ್ಟೆಮಿಸ್ ಅಡಾಪ್ಟರ್ ಪ್ರತಿ ಬೀನ್‌ಗೂ 15 ಸೆಶನ್ ತೆರೆಯುವುದರಿಂದ, ಕನ್ಸ್ಯೂಮರ್-ಕೌಂಟ್ 15ರ ಬದಲು 30 ತೋರಿಸಿದರೆ ಎರಡನೆಯ ಪ್ರತಿ ಎಲ್ಲೋ ಇದೆ ಎಂದೇ ಲೆಕ್ಕ. ಪರೀಕ್ಷೆಯ ಹಂತದಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಕ್ಯೂ, ಸಾಧ್ಯವಾದರೆ ತಮ್ಮ ಯಂತ್ರದಲ್ಲೇ ಬ್ರೋಕರ್ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹಂಚಿಕೆಯ ಕ್ಯೂನಿಂದ ಉಳಿಯುವ ಖರ್ಚಿಗಿಂತ ಕಳೆಯುವ ವೇಳೆಯೇ ಹೆಚ್ಚು.

ಎರಡನೆಯದು ಬ್ರೇಕ್‌ಪಾಯಿಂಟಿನದೇ ಫಲ. ವೈಲ್ಡ್‌ಫ್ಲೈನಲ್ಲಿ ಒಂದು ಟ್ರಾನ್ಸಾಕ್ಷನ್ನಿಗೆ (ಪೂರ್ತಿ ಆಗಬೇಕು, ಇಲ್ಲವೇ ಪೂರ್ತಿ ರದ್ದಾಗಬೇಕು ಎಂಬ ಕೆಲಸದ ಘಟಕಕ್ಕೆ) ಪೂರ್ವನಿಗದಿತ ಅವಧಿ 300 ಸೆಕೆಂಡು. ನೀವು ವೇರಿಯಬಲ್‌ಗಳನ್ನು ನೋಡುತ್ತ ಐದು ನಿಮಿಷ ದಾಟಿದರೆ ಟ್ರಾನ್ಸಾಕ್ಷನ್ ರದ್ದಾಗಿ ಸಂದೇಶ ಕ್ಯೂಗೆ ಮರಳುತ್ತದೆ, ಮತ್ತೆ ನಿಮ್ಮ ಬೀನ್‌ಗೇ ಬರುತ್ತದೆ. ಬೀನ್ ಒಳಗಿನಿಂದ ಹಿಡಿಯದ ರನ್‌ಟೈಮ್ ಎಕ್ಸೆಪ್ಷನ್ ಹೊರಬಿದ್ದರೂ ಹೀಗೆಯೇ ಆಗುತ್ತದೆ, ಮತ್ತು ಆಗ ಮರುಪ್ರಯತ್ನಗಳ ನಡುವೆ ವಿರಾಮವೂ ಇರುವುದಿಲ್ಲವಾದ್ದರಿಂದ ಲಾಗ್ ಕ್ಷಣಾರ್ಧದಲ್ಲಿ ತುಂಬಿಹೋಗುತ್ತದೆ. 10 ಪ್ರಯತ್ನಗಳ ನಂತರ ಸಂದೇಶ, ತಲುಪಿಸಲಾಗದವುಗಳಿಗೆಂದೇ ಇರುವ ಡಿಎಲ್‌ಕ್ಯೂ ಎಂಬ ಕ್ಯೂಗೆ ಹೋಗಿ ಬೀಳುತ್ತದೆ. ಮಾಯವಾದವೆಂದು ನೀವು ತಿಳಿದಿರುವ ಕೆಲವು ಸಂದೇಶಗಳು ಅಲ್ಲಿಯೇ ಇರಬಹುದು, ನೋಡಿರಿ. ಡಿಬಗ್ ಮಾಡುವ ಯಂತ್ರದಲ್ಲಿ ಮಾತ್ರ ಟ್ರಾನ್ಸಾಕ್ಷನ್ ಅವಧಿಯನ್ನು ಹೆಚ್ಚಿಸಿಕೊಳ್ಳಬಹುದು.

ಪ್ರಶ್ನೆ: ಎಕ್ಲಿಪ್ಸ್‌ನಿಂದ ಓಡಿಸುವ ಸಣ್ಣ ಜಾವಾ ಪ್ರೋಗ್ರಾಮಿನಿಂದ ಕ್ಯೂಗೆ ಸಂದೇಶ ಕಳುಹಿಸಲು ಹೋದರೆ ಬಳಕೆದಾರನನ್ನು ದೃಢೀಕರಿಸಲಾಗಲಿಲ್ಲ ಎನ್ನುತ್ತದೆ. ಅದೇ ಹೆಸರು ಮತ್ತು ಪಾಸ್‌ವರ್ಡಿನಿಂದ 9990 ಪೋರ್ಟಿನ ಆಡಳಿತ ಪುಟ ತೆರೆಯುತ್ತದೆ. – ಓದುಗರು, ಡೊಂಬಿವಲಿ

ಉತ್ತರ: ಆಡಳಿತದ ಬಳಕೆದಾರರೂ ಅಪ್ಲಿಕೇಶನ್ ಬಳಕೆದಾರರೂ ಬೇರೆ ಬೇರೆ ಪಟ್ಟಿಯವರು. ಆಡ್-ಯೂಸರ್ ಸ್ಕ್ರಿಪ್ಟ್ ಮೊದಲು ಕೇಳುವ ಪ್ರಶ್ನೆಗೆ ‘ಬಿ’ ಎಂದು ಉತ್ತರಿಸಿ ಅಪ್ಲಿಕೇಶನ್ ಬಳಕೆದಾರರನ್ನು ಸೇರಿಸಿರಿ, ಗುಂಪು ಕೇಳಿದಾಗ ‘ಗೆಸ್ಟ್’ ಎಂದು ಕೊಡಿರಿ. ಫುಲ್ ಕಡತದಲ್ಲಿ ಕಳುಹಿಸುವ ಮತ್ತು ಓದುವ ಅನುಮತಿ ಇರುವುದು ಆ ಗುಂಪಿಗೆ. ಅಷ್ಟಾದ ಮೇಲೂ ಕ್ಯೂ ಸಿಗುವುದಿಲ್ಲ ಎಂದರೆ, ಅದರ ಜೆಎನ್‌ಡಿಐ ಹೆಸರುಗಳಲ್ಲಿ (ಪ್ರೋಗ್ರಾಮುಗಳು ಅದನ್ನು ಹುಡುಕುವ ಹೆಸರುಗಳಲ್ಲಿ) ಒಂದಾದರೂ ‘ಜೆಬಾಸ್ ಎಕ್ಸ್‌ಪೋರ್ಟೆಡ್’ ಎಂಬ ಭಾಗದಡಿ ಇದೆಯೇ ಎಂದು ನೋಡಿರಿ. ಸರ್ವರಿನ ಹೊರಗಿನ ಪ್ರೋಗ್ರಾಮಿಗೆ ಕಾಣುವುದು ಆ ಭಾಗದ ಹೆಸರುಗಳು ಮಾತ್ರ.